ಏರಿದ ಗೇರಿನಲ್ಲಿಯೇ ಇಳಿಯಬೇಕು

ಮಠದ ಮಾಸಪತ್ರಿಕೆಯಲ್ಲಿ ಕಾರಿನ ಗೇರಿನ ವಿಚಾರಕ್ಕೆ ಏನು ಸ್ಥಾನವೆಂದು ಕೆಲವು ಭಕ್ತರಿಗೆ ಅನಿಸಬಹುದು. ಜಂಗಮವೆಂದರೆ ಚಲಿಸುವಂಥದು, ಒಂದೆಡೆ ನಿಲ್ಲದೆ ಭಕ್ತರಿದ್ದಲ್ಲಿಗೆ ತಾನೇ ನಡೆದುಹೋಗುವುದು ಅದರ ಧರ್ಮ. ನಮ್ಮ ಹಿಂದಿನವರು ಕಾಲ್ನಡಿಗೆಯಲ್ಲಿ, ಎತ್ತಿನ ಗಾಡಿಯಲ್ಲಿ, ಮೇನೆಯಲ್ಲಿ ಸಂಚರಿಸಿದರು. ನಮ್ಮ ಕಾಲಕ್ಕೆ ಕಾರು ಬಂದಿದೆ. ವಾಹನ ಬದಲಾದರೂ ಚಲಿಸುವವನ ಹೊಣೆ ಬದಲಾಗಿಲ್ಲ. ತನ್ನೊಡನೆ ಕುಳಿತವರಿಗೂ ದಾರಿಯಲ್ಲಿ ಎದುರಾಗುವವರಿಗೂ ತನ್ನ ಚಲನೆಯಿಂದ ನೋವಾಗಬಾರದೆಂಬುದೇ ಆ ಹೊಣೆ. ಇದನ್ನು ನಮಗೆ ಗ್ರಂಥಗಳು ಬೋಧಿಸಿದ್ದು ನಿಜ. ಆದರೆ ಕೈಗೂ ಕಾಲಿಗೂ ಅದನ್ನು ಕಲಿಸಿದವರು ಮಠದ ಹಿರಿಯ ಚಾಲಕರೊಬ್ಬರು. ಕಲಿಸಿದ್ದು ಗೇರನ್ನು ಕುಲುಕಿಲ್ಲದೆ ಇಳಿಸುವ ವಿದ್ಯೆಯ ಮೂಲಕ. ಆ ವಿದ್ಯೆಯನ್ನು, ಅದರಿಂದ ನಮಗೆ ಹೊಳೆದುದನ್ನು, ವಾಹನ ನಡೆಸುವ ಭಕ್ತರಿಗೂ ಮಠದ ವಿದ್ಯಾರ್ಥಿನಿಲಯದಲ್ಲಿ ಓದಿ ಹೊರಗೆ ಹೋದ ಮಕ್ಕಳಿಗೂ ತಿಳಿಸುವುದು ಈ ಬರೆಹದ ಉದ್ದೇಶ.

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ ಹೋಬಳಿಯಲ್ಲಿ ಇದ್ದುಕೊಂಡು ಸುತ್ತಿನ ಭಕ್ತರನ್ನು ಕಾಣುವ ನಮಗೆ ದಾರಿಗಳು ಎರಡು ಬಗೆ. ಊರ ಸುತ್ತ ಅರಿಸಿನ, ಕಬ್ಬು, ಬಾಳೆ ಬೆಳೆಯುವ ಬಯಲು. ಅಲ್ಲಿ ಗೇರಿನ ಚಿಂತೆಯೇ ಹೆಚ್ಚಾಗಿ ಬಾರದು. ಆದರೆ ಯಾವ ದಿಕ್ಕಿಗೆ ಸ್ವಲ್ಪ ದೂರ ಹೋದರೂ ಬೆಟ್ಟ ಎದುರಾಗುತ್ತದೆ. ಬಿಳಿಗಿರಿರಂಗನ ಬೆಟ್ಟ ಒಂದು ಕಡೆ, ಕೊಳ್ಳೇಗಾಲ ಹನೂರುಗಳ ಆಚೆ ಮಲೆಯ ಮಹದೇಶ್ವರನ ಬೆಟ್ಟ ಇನ್ನೊಂದು ಕಡೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಮಸಿನಗುಡಿಯ ಮಾರ್ಗವಾಗಿ ಉದಕಮಂಡಲಕ್ಕೆ ಹೋಗುವವರಿಗೆ 36 ಕಡಿದಾದ ತಿರುವುಗಳ ಕಲ್ಹಟ್ಟಿ ಘಟ್ಟ. ತೆಂಕಣ ದಿಕ್ಕಿನಲ್ಲಿ ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳ ಪ್ರದೇಶವನ್ನು ಹಿಂದೆ ಹಾಕಿ, ಪುಣಜನೂರು, ಹಾಸನೂರುಗಳನ್ನು ದಾಟಿದರೆ 27 ತಿರುವುಗಳ ದಿಂಬಂ ಘಟ್ಟ. ಅದರ ಬುಡದಲ್ಲಿ ಬಣ್ಣಾರಿ ಅಮ್ಮನ ಗುಡಿ, ಮುಂದೆ ಸತ್ಯಮಂಗಲ.

ಈ ದಿಂಬಂ ಘಟ್ಟ ನಮ್ಮ ಸೀಮೆಯ ಜನರ ಬದುಕಿನೊಡನೆ ಬೆಸೆದುಕೊಂಡಿದೆ. ನಮ್ಮ ರೈತರ ಅರಿಸಿನ ಈರೋಡಿನ ಮಾರುಕಟ್ಟೆಗೆ ಇಳಿಯುವುದು ಇದರ ಮೇಲೆಯೇ. ಗಡಿಯ ಆಚೆ ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿ ಕನ್ನಡ ಮಾತನಾಡುವ ನಮ್ಮ ಭಕ್ತರು ಅನೇಕರಿದ್ದಾರೆ. ಅವರಿಗೆ ಜಿಲ್ಲೆಯ ಕಛೇರಿ ಕೆಲಸಕ್ಕೆ ಘಟ್ಟ ಇಳಿಯದೆ ಗತಿಯಿಲ್ಲ. ಬೆಂಗಳೂರಿನಿಂದ ಕೊಯಮತ್ತೂರಿಗೆ ಹೋಗುವ ಈ ರಸ್ತೆಗೆ ಹಿಂದೆ 209ನೆಯ ರಾಷ್ಟ್ರೀಯ ಹೆದ್ದಾರಿಯೆಂದು ಹೆಸರಿತ್ತು. ಇಂದು ಅದರ ಸಂಖ್ಯೆ 948. ಘಟ್ಟದ ಸುತ್ತಿನ ಸತ್ಯಮಂಗಲದ ಅರಣ್ಯ 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ರಾತ್ರಿಯ ವೇಳೆ ವಾಹನಗಳಿಗೆ ಸಿಕ್ಕಿ ವನ್ಯಮೃಗಗಳು ಸಾಯುತ್ತಿದ್ದುದರಿಂದ ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದ ಮೇರೆಗೆ 2022ರ ಫೆಬ್ರವರಿಯಲ್ಲಿ ಘಟ್ಟದ ರಾತ್ರಿಸಂಚಾರಕ್ಕೆ ನಿರ್ಬಂಧ ಬಂದಿತು. ಕಬ್ಬಿನ ಲಾರಿಗಳನ್ನು ಅಡ್ಡಗಟ್ಟಿ ಜಲ್ಲೆಗಳನ್ನು ಎಳೆದುಕೊಳ್ಳುವ ಆನೆಗಳನ್ನು ಈ ದಾರಿಯಲ್ಲಿ ಕಾಣದ ಚಾಲಕನಿಲ್ಲ.

ಕೆಲವು ವರ್ಷಗಳ ಹಿಂದೆ ತಾಳವಾಡಿ ಸೀಮೆಯ ವೃದ್ಧ ಭಕ್ತೆಯೊಬ್ಬರಿಗೆ ಕೊಯಮತ್ತೂರಿನಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು. ಅವರ ಮಗ ಹೊರದೇಶದಲ್ಲಿದ್ದುದರಿಂದ ಮನೆಗೆ ಕರೆತರುವ ಹೊಣೆಯನ್ನು ಮಠ ವಹಿಸಿತು. ಹೊಲಿಗೆ ಇನ್ನೂ ಹಸಿ. ಘಟ್ಟದ ರಸ್ತೆಯೆಂದು ಕೇಳಿ ವೈದ್ಯರು ಹೇಳಿದ್ದು ಒಂದೇ ಮಾತು, ಕುಲುಕು ಕೂಡದು. ಸಮತಟ್ಟು ನೆಲದಲ್ಲಿ ಕುಲುಕದಂತೆ ಹೋಗುವುದು ದೊಡ್ಡದಲ್ಲ. ಆದರೆ ಘಟ್ಟವನ್ನು ಏರುವಾಗ ತಿರುವು ತಿರುವಿಗೂ ಗೇರನ್ನು ಮೂರರಿಂದ ಎರಡಕ್ಕೆ, ಕೆಲವೆಡೆ ಎರಡರಿಂದ ಒಂದಕ್ಕೆ ಇಳಿಸಲೇಬೇಕು. ಇಳಿಸಿದಾಗಲೆಲ್ಲ ಕಾರು ಮುಂದಕ್ಕೊಮ್ಮೆ ಮುಗ್ಗರಿಸಿ ಹಿಂದಕ್ಕೊಮ್ಮೆ ಜಗ್ಗುವುದು ಸಾಮಾನ್ಯ. ಆರೋಗ್ಯವಂತರು ಅದನ್ನು ಗಮನಿಸುವುದೇ ಇಲ್ಲ. ಹಸಿ ಹೊಲಿಗೆಯವರಿಗೆ ಒಂದೊಂದು ಜಗ್ಗೂ ಒಂದೊಂದು ಇರಿತ.

ಅಂದು ಕಾರನ್ನು ನಡೆಸಿದವರು ನಮ್ಮ ಹಿರಿಯ ಚಾಲಕರು. ನಾವು ಅವರ ಪಕ್ಕದಲ್ಲಿ ಕುಳಿತಿದ್ದೆವು. ಆ ತಾಯಿ ಹಿಂದಿನ ಆಸನದಲ್ಲಿ ತಮ್ಮ ತಂಗಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು. ಬಣ್ಣಾರಿಯಲ್ಲಿ ಅಮ್ಮನಿಗೆ ಕೈಮುಗಿದು ಘಟ್ಟ ಹಿಡಿದೆವು. ತಿರುವುಗಳು ಒಂದೊಂದಾಗಿ ಕಳೆದವು. ಹಿರಿಯರ ಎಡಗೈ ಗೇರಿನ ಮೇಲೆ ಹೋಗಿ ಬರುತ್ತಿತ್ತು; ಎಂಜಿನ್ನಿನ ದನಿ ಒಮ್ಮೆ ಮೇಲೇರಿ ನೆಲೆ ನಿಲ್ಲುತ್ತಿತ್ತು; ಕಾರು ಮಾತ್ರ ನೀರಿನ ಮೇಲಿನ ತೆಪ್ಪದಂತೆ ಸಾಗುತ್ತಿತ್ತು. ದಿಂಬಂ ಮೇಲೆ ಬಂದು ತಂಪು ಗಾಳಿ ಒಳನುಗ್ಗಿದಾಗ ಆ ತಾಯಿ ಕಣ್ಣು ತೆರೆದು, “ಬುದ್ಧಿ, ಬೆಟ್ಟ ಇನ್ನೂ ಎಷ್ಟು ದೂರ?” ಎಂದು ಕೇಳಿದರು. ಹತ್ತಿ ಮುಗಿದಿದೆಯೆಂದರೆ ಅವರಿಗೆ ನಂಬಿಕೆಯಾಗಲಿಲ್ಲ. ದಾರಿಯುದ್ದಕ್ಕೂ ನಿದ್ದೆ ಮಾಡಿದ್ದರು.

ನಾವು ವರ್ಷಗಟ್ಟಲೆ ದಯೆಯ ವಿಷಯದಲ್ಲಿ ಪ್ರವಚನ ಮಾಡಿದ್ದೇವೆ. ಅಂದು ಆ ಚಾಲಕರ ಎಡಗೈ ಮತ್ತು ಎರಡು ಪಾದಗಳು ಒಂದು ಮಾತೂ ಆಡದೆ ಮಾಡಿದ ಪ್ರವಚನವನ್ನು ಕೇಳಿದೆವು. ಈ ವಿದ್ಯೆಯನ್ನು ಕಲಿಯಲೇಬೇಕೆಂಬ ಸಂಕಲ್ಪ ಆಗಲೇ ಹುಟ್ಟಿತು. ಅವರಿಗೂ ವಯಸ್ಸಾಗಿತ್ತು; ಕಣ್ಣಿನ ಪೊರೆ ಬೆಳೆಯುತ್ತಿತ್ತು. ವಿದ್ಯೆ ಅವರೊಡನೆಯೇ ಹೋಗಬಾರದು. ಕೇಳಿದಾಗ ಅವರು ಸಂಕೋಚಪಟ್ಟರು. “ತಮಗ್ಯಾಕೆ ಬುದ್ಧಿ ಇದೆಲ್ಲ? ನಾವಿಲ್ವಾ?” ಎಂದರು. “ನೀವಿರುವಾಗಲೇ ಕಲಿಯಬೇಕಲ್ಲಪ್ಪಾ” ಎಂದೆವು. ಪಾಠ ಆರಂಭವಾಯಿತು. ಆ ಹೊತ್ತಿಗೆ ಸಾಮಾನ್ಯವಾಗಿ ಕಾರು ನಡೆಸಲು ನಮಗೆ ಬರುತ್ತಿತ್ತು, ಪರವಾನಗಿಯೂ ಇತ್ತು. ಹಿರಿಯರ ದೃಷ್ಟಿಯಲ್ಲಿ ಅದು ಅಕ್ಷರಾಭ್ಯಾಸ ಮಾತ್ರ.

ಮೊದಲು ಗೇರೆಂದರೇನೆಂಬುದನ್ನು ಹೇಳಬೇಕು. ಎಂಜಿನ್ನು ಒಂದು ವೇಗದಲ್ಲಿ ತಿರುಗುತ್ತದೆ, ಚಕ್ರಗಳು ಇನ್ನೊಂದು ವೇಗದಲ್ಲಿ. ಇವೆರಡರ ನಡುವಿನ ಲೆಕ್ಕವನ್ನು ಹಲ್ಲಿನ ಚಕ್ರಗಳ ಮೂಲಕ ಹೊಂದಿಸುವುದೇ ಗೇರುಪೆಟ್ಟಿಗೆಯ ಕೆಲಸ. ಮೇಲಿನ ಗೇರಿನಲ್ಲಿ ವೇಗ ಹೆಚ್ಚು, ಬಲ ಕಡಮೆ. ಕೆಳಗಿನ ಗೇರಿನಲ್ಲಿ ವೇಗ ಕಡಮೆ, ಬಲ ಹೆಚ್ಚು. ಉದಾಹರಣೆಗೆ, ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಮೂರನೆಯ ಗೇರಿನಲ್ಲಿರುವ ಚಿಕ್ಕ ಕಾರೊಂದರ ಎಂಜಿನ್ನು ನಿಮಿಷಕ್ಕೆ ಸುಮಾರು 1,500 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳೋಣ. ಅದೇ ವೇಗದಲ್ಲಿ ಎರಡನೆಯ ಗೇರಿಗೆ ಬಂದರೆ ಎಂಜಿನ್ನು ಸುಮಾರು 2,200 ಸುತ್ತು ತಿರುಗಬೇಕಾಗುತ್ತದೆ. ಈ 700 ಸುತ್ತುಗಳ ಅಂತರವೇ ಕುಲುಕಿನ ಮೂಲ. ಕ್ಲಚ್ಚನ್ನು ಒತ್ತಿ, ಗೇರನ್ನು ಎರಡಕ್ಕೆ ಹಾಕಿ, ಹಾಗೆಯೇ ಕಾಲೆತ್ತಿದರೆ ನಿಧಾನವಾಗಿ ತಿರುಗುತ್ತಿರುವ ಎಂಜಿನ್ನನ್ನು ಓಡುತ್ತಿರುವ ಚಕ್ರಗಳು ಕತ್ತು ಹಿಡಿದು ಎಳೆಯುತ್ತವೆ. ಎಂಜಿನ್ನು ತನ್ನ ಜಡತ್ವದಿಂದ ಪ್ರತಿಭಟಿಸುತ್ತದೆ. ಆ ಜಗಳದ ಪೆಟ್ಟು ಬೀಳುವುದು ಕ್ಲಚ್ಚಿನ ಫಲಕಕ್ಕೂ ಒಳಗೆ ಕುಳಿತವರ ಮೈಗೂ.

ಇದಕ್ಕೆ ಪರಿಹಾರವೇನೆಂದು ಕೇಳಿದಾಗ ಹಿರಿಯರು ಪಲ್ಲಕ್ಕಿಯನ್ನು ನೆನಪಿಸಿದರು. ಉತ್ಸವದಲ್ಲಿ ಪಲ್ಲಕ್ಕಿ ನಡೆಯುತ್ತಿರುವಾಗಲೇ ಹೆಗಲು ಬದಲಾಯಿಸುತ್ತಾರೆ. ಹೊಸದಾಗಿ ಹೆಗಲು ಕೊಡುವವನು ನಿಂತಲ್ಲಿಂದ ಒಮ್ಮೆಗೇ ದಂಡಿಗೆಯನ್ನು ಹಿಡಿಯುವುದಿಲ್ಲ. ಮೊದಲು ಪಕ್ಕದಲ್ಲಿ ನಾಲ್ಕು ಹೆಜ್ಜೆ ನಡೆದು, ಹೊತ್ತವರ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಕೂಡಿಸಿ, ಬಳಿಕ ಹೆಗಲು ಕೊಡುತ್ತಾನೆ. ಒಳಗಿನ ಮೂರ್ತಿ ಅಲುಗುವುದಿಲ್ಲ. “ಎಂಜಿನ್ನೂ ಹಂಗೇ ಬುದ್ಧಿ. ಹೆಗಲು ಕೊಡಾಕ್ ಮುಂಚೆ ಹೆಜ್ಜೆ ಕೂಡಿಸ್ಬೇಕು ಕನ” ಎಂದರು. ಗೇರಿನ ವಿದ್ಯೆಯ ಸಾರವೆಲ್ಲವೂ ಈ ಮಾತಿನಲ್ಲಿದೆ. ಕ್ಲಚ್ಚನ್ನು ಒತ್ತಿ ಗೇರನ್ನು ಬದಲಿಸುವ ಆ ಕ್ಷಣದಲ್ಲಿ ಬಲಗಾಲಿನಿಂದ ಆಕ್ಸಿಲರೇಟರನ್ನು ಒಂದಿಷ್ಟು ಮುಟ್ಟಿ ಎಂಜಿನ್ನಿನ ಸುತ್ತನ್ನು ಮೇಲೇರಿಸಬೇಕು. ಅದು ಕೆಳಗಿನ ಗೇರಿಗೆ ತಕ್ಕ ವೇಗಕ್ಕೆ ಬಂದಾಗ ಕ್ಲಚ್ಚಿನಿಂದ ಕಾಲನ್ನು ತಡವರಿಸದೆ, ಆದರೆ ಮೃದುವಾಗಿ, ಎತ್ತಬೇಕು. ಹೆಜ್ಜೆ ಕೂಡಿದ್ದರೆ ಗೇರು ಬದಲಾದದ್ದು ಕಿವಿಗೆ ಮಾತ್ರ ತಿಳಿಯುತ್ತದೆ, ಮೈಗೆ ತಿಳಿಯುವುದಿಲ್ಲ.

ಹಿರಿಯರು ತಾರುಣ್ಯದಲ್ಲಿ ಈರೋಡಿಗೆ ಅರಿಸಿನದ ಲಾರಿ ನಡೆಸಿದವರು. ಆ ಕಾಲದ ಲಾರಿಗಳಲ್ಲಿ ಹೆಜ್ಜೆ ಕೂಡಿಸದಿದ್ದರೆ ಗೇರೇ ಬೀಳುತ್ತಿರಲಿಲ್ಲವಂತೆ. ಹಲ್ಲುಗಳು ಕರಕರನೆ ಕಡಿಯುತ್ತಿದ್ದುವಂತೆ. ಆದ್ದರಿಂದ ಒಂದು ಗೇರು ಇಳಿಸುವುದಕ್ಕೆ ಎರಡು ಸಲ ಕ್ಲಚ್ಚು ಒತ್ತುತ್ತಿದ್ದರು. ಮೊದಲ ಸಲ ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತಂದು ಕಾಲೆತ್ತುವುದು. ಆಕ್ಸಿಲರೇಟರು ಕೊಟ್ಟು ಒಳಗಿನ ಹಲ್ಲುಚಕ್ರಗಳ ವೇಗವನ್ನು ಏರಿಸುವುದು. ಎರಡನೆಯ ಸಲ ಕ್ಲಚ್ಚು ಒತ್ತಿ ಕೆಳಗಿನ ಗೇರನ್ನು ಹಾಕುವುದು. ಇದಕ್ಕೆ ಡಬಲ್ ಕ್ಲಚ್ಚೆಂದು ಹೆಸರು. ಅಮೆರಿಕದ ಅರ್ಲ್ ಥಾಂಪ್ಸನ್ ಎಂಬ ಎಂಜಿನಿಯರರು ರೂಪಿಸಿದ ಸಿಂಕ್ರೊಮೆಶ್ ಎಂಬ ಏರ್ಪಾಡು 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ ಈ ಕಷ್ಟ ಕ್ರಮೇಣ ತಪ್ಪಿತು. ಹಲ್ಲುಗಳು ಕೂಡುವ ಮೊದಲು ಶಂಕುವಿನ ಆಕಾರದ ಎರಡು ಮೈಗಳು ಒಂದನ್ನೊಂದು ಉಜ್ಜಿ ವೇಗವನ್ನು ಸಮಮಾಡಿಕೊಳ್ಳುತ್ತವೆ, ಬಳಿಕ ಹಲ್ಲುಗಳು ಸದ್ದಿಲ್ಲದೆ ಬೆಸೆಯುತ್ತವೆ. ಇಂದಿನ ಕಾರುಗಳಲ್ಲೆಲ್ಲ ಇದು ಉಂಟು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಸಿಂಕ್ರೊಮೆಶ್ ಸಮಮಾಡುವುದು ಗೇರುಪೆಟ್ಟಿಗೆಯ ಒಳಗಿನ ಹಲ್ಲುಗಳ ವೇಗವನ್ನು ಮಾತ್ರ. ಕ್ಲಚ್ಚಿನ ಈಚೆಗಿರುವ ಎಂಜಿನ್ನಿನ ವೇಗವನ್ನು ಸಮಮಾಡುವುದು ಚಾಲಕನ ಪಾದದ ಕೆಲಸವಾಗಿಯೇ ಉಳಿದಿದೆ. ಹಲ್ಲು ಕಡಿಯುವ ಸದ್ದು ಹೋದುದರಿಂದ ವಿದ್ಯೆಯೇ ಬೇಡವಾಯಿತೆಂದು ಹೊಸಬರು ಭಾವಿಸುತ್ತಾರೆ. ಸದ್ದು ಹೋಯಿತು, ಕುಲುಕು ಹೋಗಲಿಲ್ಲ.

ಮಠದಲ್ಲಿ ಹಿಂದೆ ಇದ್ದ ಅಂಬಾಸಡರ್ ಕಾರನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. 1950ರ ದಶಕದ ಕೊನೆಯಿಂದ 2014ರವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಆ ಕಾರಿನ ಹಳೆಯ ಮಾದರಿಗಳಲ್ಲಿ ಗೇರಿನ ಹಿಡಿ ಸ್ಟಿಯರಿಂಗಿನ ಕಂಬಕ್ಕೇ ಇತ್ತು. ಅದನ್ನು ತಾಳ್ಮೆಯಿಂದ, ಮಗುವಿನ ಕೈ ಹಿಡಿದಂತೆ, ನಡೆಸಬೇಕಾಗಿತ್ತು. ಅದರಲ್ಲಿ ಪಳಗಿದ ಕೈ ಹಿರಿಯರದು. ಈಗಿನ ಕಾರಿನಲ್ಲಿಯೂ ಅವರು ಹಿಡಿಯನ್ನು ಮುಷ್ಟಿಯಿಂದ ಹಿಡಿಯಲು ಬಿಡುತ್ತಿರಲಿಲ್ಲ. ಅಂಗೈಯನ್ನು ಆನಿಸಿ ತಳ್ಳಿದರೆ ಸಾಕು, ಬರುವ ಹೊತ್ತಿಗೆ ಗೇರು ತಾನೇ ಬರುತ್ತದೆ ಎನ್ನುತ್ತಿದ್ದರು.

ಚಂದಕವಾಡಿಯ ಸುತ್ತಿನ ಬಯಲು ದಾರಿಯಲ್ಲಿ ಬೆಳಗಿನ ಜಾವ ಅಭ್ಯಾಸ ನಡೆಯಿತು. ಮೊದಲು ಗೇರನ್ನು ಮೂರರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಬದಲಿಸುತ್ತ ಎಂಜಿನ್ನಿನ ದನಿಯನ್ನು ಕೇಳುವುದಷ್ಟೇ ಪಾಠ. ಸುತ್ತಿನ ಲೆಕ್ಕ ತೋರಿಸುವ ಮುಳ್ಳನ್ನು ಅವರು ನೋಡಗೊಡಲಿಲ್ಲ. ಸಂಗೀತಗಾರನು ಶ್ರುತಿಯನ್ನು ಕಿವಿಯಿಂದ ಹಿಡಿಯುವಂತೆ ಇದನ್ನೂ ಹಿಡಿಯಬೇಕು. ಮುಂದೆ ಒಂದು ಕೆರೆಯ ಏರಿಯ ಇಳಿಜಾರು. ಡ್ಯಾಶ್‌ಬೋರ್ಡಿನ ಮೇಲೆ ಒಂದು ಲೋಟದಲ್ಲಿ ಮುಕ್ಕಾಲು ನೀರಿಟ್ಟು, ಅದು ತುಳುಕದಂತೆ ಗೇರನ್ನು ಇಳಿಸಲು ಹೇಳಿದರು. ತಿಂಗಳೊಂದು ಕಳೆದ ಮೇಲೆ ಲೋಟವನ್ನು ತೆಗೆದರು. “ಇನ್ನು ಘಟ್ಟಕ್ಕೆ ಹೋಗಬಹುದು ಬುದ್ಧಿ” ಎಂದರು.

ಘಟ್ಟದಲ್ಲಿ ಏರುವಾಗಿನ ರೀತಿ ಬೇರೆ, ಇಳಿಯುವಾಗಿನ ರೀತಿ ಬೇರೆ. ಏರುವಾಗ ಮುಖ್ಯವಾದುದು ಹೊತ್ತು. ಎಂಜಿನ್ನು ಬಸವಳಿದು ನಡುಗತೊಡಗಿದ ಮೇಲೆ ಗೇರನ್ನು ಇಳಿಸಿದರೆ ತಡವಾಯಿತು. “ಗಾಡಿ ಅಳಾಕ್ ಮುಂಚೇನೇ ಗೇರು ಇಳಿಸ್ಬೇಕು” ಎಂಬುದು ಹಿರಿಯರ ಸೂತ್ರ. ತಿರುವಿಗೆ ಬರುವ ಮೊದಲೇ ತಕ್ಕ ಗೇರಿಗೆ ಬಂದಿರಬೇಕು. ತಿರುವಿನ ನಡುವೆ ಕೈ ಸ್ಟಿಯರಿಂಗಿನ ಮೇಲಿರಬೇಕೇ ಹೊರತು ಗೇರಿನ ಮೇಲಲ್ಲ. ಏರಿನಲ್ಲಿ ಕ್ಲಚ್ಚು ಒತ್ತಿದೊಡನೆ ಕಾರು ತಾನಾಗಿಯೇ ವೇಗ ಕಳೆದುಕೊಳ್ಳುತ್ತದೆ. ಆದ್ದರಿಂದ ಕೈ ಚುರುಕಾಗಿರಬೇಕು; ಎಂಜಿನ್ನಿನ ಸುತ್ತನ್ನು ಬಯಲಿನಲ್ಲಿ ಏರಿಸಿದಷ್ಟು ಏರಿಸಬೇಕಾಗಿಲ್ಲ.

ಇಳಿಯುವಾಗ ಮುಖ್ಯವಾದುದು ಮುಂದಾಲೋಚನೆ. ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೇರು ತುಂಬಿದ ಗಾಡಿ ಇಳಿಜಾರಿಗೆ ಬರುವಾಗ ಗಾಡಿ ಹೊಡೆಯುವವನು ಮೊದಲೇ ಕೆಳಗಿಳಿದು ಎತ್ತುಗಳ ಹಗ್ಗವನ್ನು ಬಿಗಿ ಹಿಡಿಯುತ್ತಾನೆ. ಎತ್ತುಗಳು ಕುತ್ತಿಗೆಯನ್ನು ಹಿಂದಕ್ಕೆ ಆತು, ನೊಗದಲ್ಲಿ ಭಾರವನ್ನು ತಡೆಹಿಡಿದು, ಹೆಜ್ಜೆ ಹೆಜ್ಜೆಯಾಗಿ ಇಳಿಯುತ್ತವೆ. ಕೆಳಗಿನ ಗೇರಿನಲ್ಲಿರುವ ಎಂಜಿನ್ನು ಮಾಡುವುದು ಆ ಎತ್ತುಗಳ ಕೆಲಸವನ್ನೇ. ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಚಕ್ರಗಳು ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ. ಎಂಜಿನ್ನು ಅದಕ್ಕೆ ಮೈಗೊಡದೆ ತಡೆಯುತ್ತದೆ. ಗೇರು ಎಷ್ಟು ಕೆಳಗಿನದೋ ತಡೆ ಅಷ್ಟು ಹೆಚ್ಚು.

ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಲಾರಿಯವರ ಹಳೆಯ ಮಾತು. ಎರಡನೆಯ ಗೇರಿನಲ್ಲಿ ಹತ್ತಬೇಕಾದ ಘಟ್ಟವನ್ನು ಎರಡನೆಯ ಗೇರಿನಲ್ಲಿಯೇ ಇಳಿಯಬೇಕು. ಇಂದಿನ ಕಾರುಗಳ ಎಂಜಿನ್ನುಗಳು ಬಲವಾದುವು. ಹಿಂದೆ ಎರಡರಲ್ಲಿ ಹತ್ತುತ್ತಿದ್ದುದನ್ನು ಅವು ಮೂರರಲ್ಲಿಯೇ ಹತ್ತಬಹುದು. ಅಂತಹ ಕಾರುಗಳವರು ಇಳಿಯುವಾಗ ಏರಿದ್ದಕ್ಕಿಂತ ಒಂದು ಗೇರು ಕಡಮೆಯನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂದು ಹಿರಿಯರು ತಿದ್ದುಪಡಿ ಸೇರಿಸುತ್ತಾರೆ. ಆರಿಸುವುದು ಇಳಿಜಾರಿನ ಮೇಲ್ತುದಿಯಲ್ಲಿ. ಕಾರು ಓಟ ಹಿಡಿದ ಮೇಲೆ ಗೇರನ್ನು ಇಳಿಸಹೋದರೆ ಎಂಜಿನ್ನಿಗೂ ಚಕ್ರಕ್ಕೂ ಇರುವ ಅಂತರ ಬಹಳವಾಗಿ, ಗೇರು ಬೀಳದೆಯೇ ಹೋಗಬಹುದು. ಬಿದ್ದರೂ ಮಳೆಯ ದಿನ ಚಕ್ರ ಜಾರಬಹುದು. ಅಂತಹ ಸಂದರ್ಭದಲ್ಲಿ ಮೊದಲು ಬ್ರೇಕು ಒತ್ತಿ ವೇಗವನ್ನು ತಗ್ಗಿಸಿ, ಅನಂತರವೇ ಗೇರನ್ನು ಇಳಿಸಬೇಕು.

ಬ್ರೇಕು ಇರುವಾಗ ಇಷ್ಟೆಲ್ಲ ಏಕೆಂದು ತರುಣರು ಕೇಳುತ್ತಾರೆ. ಸಣ್ಣದೊಂದು ಲೆಕ್ಕ ಮಾಡಿ ನೋಡಬಹುದು. ಜನ ಕುಳಿತು 1,200 ಕಿಲೋಗ್ರಾಂ ತೂಗುವ ಕಾರು 100 ಮೀಟರು ಎತ್ತರವನ್ನು ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 12 ಲಕ್ಷ ಜೂಲು. ನಾಲ್ಕು ಲೀಟರು ನೀರನ್ನು ಕುದಿಯ ಮಟ್ಟಕ್ಕೆ ತರಲು ಆ ಶಕ್ತಿ ಸಾಕು. ಘಟ್ಟದಲ್ಲಿ ಇಂತಹ ನೂರು ಮೀಟರುಗಳು ಹಲವು. ಇಳಿಯುವ ಉದ್ದಕ್ಕೂ ಬ್ರೇಕಿನ ಮೇಲೆಯೇ ಕಾಲಿಟ್ಟರೆ ಆ ಕಾವನ್ನೆಲ್ಲ ಚಕ್ರಗಳ ಬಳಿಯಿರುವ ಅಂಗೈಯಗಲದ ಬ್ರೇಕುಪಟ್ಟಿಗಳು ನುಂಗಬೇಕು. ಕಾದ ಪಟ್ಟಿ ಹಿಡಿತ ಕಳೆದುಕೊಳ್ಳುತ್ತದೆ. ಇನ್ನೊಂದು ಅಪಾಯವೂ ಉಂಟು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ಗುಣದ್ದು. ಸಾಮಾನ್ಯ ಬಳಕೆಯ ಡಾಟ್ 3 ದರ್ಜೆಯ ಎಣ್ಣೆ ಹೊಸದಾಗಿರುವಾಗ ಕಡಮೆಯೆಂದರೆ 205 ಡಿಗ್ರಿಯವರೆಗೆ ಕುದಿಯಬಾರದೆಂದು ನಿಯಮ. ತೇವ ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿ. ಎಣ್ಣೆ ಕುದಿದು ಆವಿಯ ಗುಳ್ಳೆಗಳೆದ್ದರೆ ಬ್ರೇಕಿನ ಪೆಡಲು ನೆಲಕ್ಕೆ ಇಳಿದರೂ ಕಾರು ನಿಲ್ಲುವುದಿಲ್ಲ. ಸುಟ್ಟ ವಾಸನೆ ಬಂದೊಡನೆ ಅನುಕೂಲವಾದ ಕಡೆ ನಿಲ್ಲಿಸಿ ಆರಗೊಡಬೇಕು. ಕಾದ ಚಕ್ರಕ್ಕೆ ನೀರು ಎರಚಬಾರದು.

ಪೆಟ್ರೋಲು ಉಳಿಸುವುದಕ್ಕೆಂದು ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿ ಬಿಡುವವರು ನಮ್ಮ ಕಡೆ ಇಂದಿಗೂ ಇದ್ದಾರೆ. ಎಂಜಿನ್ನನ್ನೇ ಆರಿಸುವ ಸಾಹಸಿಗಳೂ ಉಂಟು. ಹಳೆಯ ಕಾರ್ಬುರೇಟರಿನ ಕಾಲದಲ್ಲಿ ನಾಲ್ಕು ಹನಿ ಉಳಿಯುತ್ತಿದ್ದಿರಬಹುದು. ಇಂದಿನ ಕಾರುಗಳಲ್ಲಿ ಲೆಕ್ಕ ತಿರುಗುಮುರುಗಾಗಿದೆ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಎಂಜಿನ್ನಿಗೆ ಇಂಧನ ಹೋಗುವುದು ತಾನೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ಲಿನಲ್ಲಾದರೋ ಎಂಜಿನ್ನು ಆರದಿರಲೆಂದು ಇಂಧನ ಹೋಗುತ್ತಲೇ ಇರುತ್ತದೆ. ಎಂಜಿನ್ನನ್ನು ಆರಿಸಿದರೆ ಬ್ರೇಕಿಗೂ ಸ್ಟಿಯರಿಂಗಿಗೂ ಸಿಗುವ ನೆರವು ತಪ್ಪಿ, ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕು ಕಲ್ಲಿನಂತಾಗುತ್ತದೆ. ತಾನೇ ಗೇರು ಬದಲಿಸಿಕೊಳ್ಳುವ ಕಾರುಗಳಲ್ಲಿಯೂ ಕೆಳಗಿನ ಗೇರನ್ನು ಹಿಡಿದಿಡುವ ಅನುಕೂಲವಿರುತ್ತದೆ, ಅದನ್ನು ಬಳಸಬೇಕು. ವಿದ್ಯುತ್ತಿನ ಕಾರುಗಳಲ್ಲಿ ಇಳಿಯುವಾಗ ಮೋಟಾರೇ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ಹಿಂದಿರುಗಿಸುತ್ತದೆ. ಯಂತ್ರ ಯಾವುದಾದರೂ ತತ್ತ್ವ ಒಂದೇ. ಇಳಿಯುವ ಭಾರವನ್ನು ಬ್ರೇಕಿನ ಮೇಲೆ ಮಾತ್ರ ಹೊರಿಸದೆ ಯಂತ್ರದ ಮೈಯೇ ಹೊರುವಂತೆ ಮಾಡಬೇಕು.

ನಮ್ಮ ದರ್ಶನದಲ್ಲಿ ಸಾಮರಸ್ಯವೆಂಬ ಮಾತಿಗೆ ಬಹಳ ಎತ್ತರದ ಸ್ಥಾನವಿದೆ. ಲಿಂಗಾಂಗಗಳ ಸಾಮರಸ್ಯವೇ ಸಾಧನೆಯ ಗುರಿ. ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಆ ಪದದ ಮೇಲೆ ಪುಟಗಟ್ಟಲೆ ಬರೆದಿದ್ದೇವೆ. ಗೇರಿನ ಪಾಠದ ಹೋಲಿಕೆ ಅದಕ್ಕೆ ಬಹಳ ಚಿಕ್ಕದೆಂದು ಬಲ್ಲೆವು. ಆದರೂ ಒಂದು ಅಂಶ ಅಲ್ಲಿ ಸ್ಪಷ್ಟವಾಯಿತು. ಕೂಡುವುದಕ್ಕೆ ಮೊದಲು ಸಮವಾಗಬೇಕು. ಸಮವಾಗದೆ ಕೂಡಿದರೆ ಅದು ಬೆಸುಗೆಯಲ್ಲ, ಡಿಕ್ಕಿ. ಮತ್ತು ಸಮವಾಗುವುದಕ್ಕೆ ಶ್ರಮಪಡಬೇಕಾದವನು ಕೂಡಬಯಸುವವನೇ. ಪಲ್ಲಕ್ಕಿ ನಿಂತು ಹೊಸ ಹೆಗಲಿಗಾಗಿ ಕಾಯುವುದಿಲ್ಲ.

ಮನೆಗಳಲ್ಲಿ, ಸಂಘಗಳಲ್ಲಿ, ಮಠಗಳಲ್ಲಿಯೂ ಹೊಣೆ ಕೈ ಬದಲಾಯಿಸುವ ಹೊತ್ತು ಬರುತ್ತದೆ. ವಯಸ್ಸಾದ ತಂದೆ ಹೊಲಮನೆಯ ಯಜಮಾನಿಕೆಯನ್ನು ಮಗನಿಗೆ ಬಿಡಬೇಕಾಗುತ್ತದೆ. ಅಧಿಕಾರಿ ನಿವೃತ್ತನಾಗಿ ಹಳ್ಳಿಗೆ ಹಿಂದಿರುಗುತ್ತಾನೆ. ಇವೆಲ್ಲ ಇಳಿಜಾರುಗಳೇ. ಏರುವಾಗ ನಮಗೆ ತಾಳ್ಮೆ, ವಿನಯ, ಹಿರಿಯರ ಸಲಹೆ ಎಲ್ಲವೂ ಬೇಕೆನಿಸುತ್ತವೆ. ಇಳಿಯುವಾಗ ಅವು ಬೇಡವೆಂದು ಭಾವಿಸಿ ನ್ಯೂಟ್ರಲ್ಲಿಗೆ ಹಾಕಿ ಬಿಡುತ್ತೇವೆ. ಅಥವಾ ಬ್ರೇಕನ್ನೇ ಒತ್ತಿಹಿಡಿದು, ಬಿಡೆವೆಂದು ಹಟ ಮಾಡಿ, ಮೈಯೆಲ್ಲ ಕಾಯಿಸಿಕೊಳ್ಳುತ್ತೇವೆ. ಎರಡರಿಂದಲೂ ಹಿಂದೆ ಕುಳಿತವರಿಗೆ ನೋವು. ಯಾವ ಶಿಸ್ತಿನಿಂದ ಏರಿದೆವೋ ಅದೇ ಶಿಸ್ತಿನಿಂದ ಇಳಿಯುವುದು ಸಜ್ಜನರ ರೀತಿ. ಕೆಳಗಿನ ಗೇರೆಂಬುದು ಕೀಳಲ್ಲ, ಬಲವಿರುವುದು ಅಲ್ಲಿಯೇ.

ನಮ್ಮ ಹಿರಿಯ ಚಾಲಕರು ಇದನ್ನು ನಡೆದು ತೋರಿಸಿದರು. ಕಣ್ಣಿನ ಪೊರೆ ತೆಗೆಸಿದ ಮೇಲೂ ಕತ್ತಲೆಯಲ್ಲಿ ಎದುರಿನ ದೀಪಗಳು ಕುಕ್ಕುತ್ತವೆಂದು ತಾವಾಗಿಯೇ ಹೇಳಿ ಘಟ್ಟದ ಪ್ರಯಾಣವನ್ನು ನಿಲ್ಲಿಸಿದರು. ಯಾರೂ ಅವರನ್ನು ಕೇಳಿರಲಿಲ್ಲ. ಕೆಲವು ಕಾಲ ಹಗಲು ಹೊತ್ತು ಊರ ಸುತ್ತ ಮಾತ್ರ ಕಾರು ನಡೆಸಿದರು. ಬಳಿಕ ಅದನ್ನೂ ಬಿಟ್ಟು ಮಠದ ತರುಣ ಚಾಲಕನಿಗೆ ಲೋಟದ ನೀರಿನ ಪಾಠ ಹೇಳಿಕೊಡತೊಡಗಿದರು. ಅವರ ಕಾಯಕ ನಿಂತಿತೆಂದು ಯಾರಿಗೂ ಅನಿಸಲಿಲ್ಲ, ಅವರಿಗೂ ಅನಿಸಲಿಲ್ಲ.

ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಭಕ್ತರು ಕಾರು, ಟೆಂಪೋಗಳಲ್ಲಿ ತುಂಬಿಕೊಂಡು ಹೋಗುತ್ತಾರೆ. ಹೋಗುವಾಗ ಎಲ್ಲರ ಬಾಯಲ್ಲಿಯೂ ಮಾದಪ್ಪನ ನಾಮ. ದರ್ಶನ ಮುಗಿಸಿ ಬರುವಾಗ ಮನೆಯ ಅವಸರ. ರಾತ್ರಿಯಿಡೀ ಎಚ್ಚರವಿದ್ದ ಚಾಲಕನೂ ಅವಸರದಲ್ಲಿಯೇ ಇರುತ್ತಾನೆ. ಅಂಥವರಲ್ಲಿ ನಮ್ಮ ವಿದ್ಯಾರ್ಥಿನಿಲಯದ ಹಳೆಯ ಮಕ್ಕಳೂ ಇದ್ದಾರೆ. ಅವರಿಗೆ ನಾವು ಹೇಳುವುದಿಷ್ಟು. ಬೆಟ್ಟದ ತುದಿಯಲ್ಲಿ ಕಾರನ್ನು ಹತ್ತಿದಾಗ ಒಂದು ಕ್ಷಣ ನಿಲ್ಲಿ. ನಿದ್ದೆ ಬಂದಿದ್ದರೆ ಅಲ್ಲಿಯೇ ಮಲಗಿ ಎದ್ದು ಹೊರಡಿ. ಇಳಿಜಾರು ಬರುವ ಮೊದಲೇ ಗೇರನ್ನು ಇಳಿಸಿ. ಏರಿ ಬರುತ್ತಿರುವ ವಾಹನಕ್ಕೆ ದಾರಿ ಬಿಡಿ. ಬೆಟ್ಟದ ರಸ್ತೆಯಲ್ಲಿ ಮೊದಲ ಹಕ್ಕು ಏರುವವರದೆಂದು ನಿಯಮವೇ ಇದೆ. ಹಿಂದಿನ ಆಸನದಲ್ಲಿ ಮುದುಕಿಯೋ ಬಸುರಿಯೋ ಮಗುವೋ ಮಲಗಿದ್ದರೆ, ಅವರ ನಿದ್ದೆ ಕೆಡದಂತೆ ಊರಿಗೆ ಮುಟ್ಟಿಸುವುದನ್ನೇ ಆ ದಿನದ ಪೂಜೆಯೆಂದು ತಿಳಿಯಿರಿ.

ವಾಹನ ನಡೆಸುವ ಭಕ್ತರೆಲ್ಲರ ಕೈಯಲ್ಲಿ ಎಚ್ಚರವೂ ಕಾಲಿನಲ್ಲಿ ಮೃದುತ್ವವೂ ನೆಲೆಸಲಿ. ಹೊರಟವರೆಲ್ಲರೂ ಸುಖವಾಗಿ ಮನೆ ಸೇರಲಿ ಎಂದು ಶ್ರೀಗುರುವಿನಲ್ಲಿ ಪ್ರಾರ್ಥಿಸಿ, ಶುಭವನ್ನು ಹಾರೈಸುತ್ತೇವೆ.